ವಂಶಪಾರಂಪರ್ಯ ದೋಷಗಳು: ಅಪಾಯದ ಅಂದಾಜು ಹೇಗೆ?

ಸಜ್ಜೆ ಬಿತ್ತಿದ ಎಂಟು-ಹತ್ತು ದಿನಗಳಲ್ಲಿ ಸಾಲುಗಳ ನಡುವೆ ನಡೆದು ನೋಡಿದರೆ, ಹಸಿರು ಸಸಿಗಳ ಮಧ್ಯೆ ಎಲ್ಲೋ ಒಂದು ಹಾಲಿನಂತೆ ಬೆಳ್ಳಗಿನ ಸಸಿ ಕಣ್ಣಿಗೆ ಬೀಳುವುದುಂಟು. ಸುಣ್ಣದ ಅಂಶ ಹೆಚ್ಚಿರುವ ಕಪ್ಪು ಭೂಮಿಯಲ್ಲಿ ಕಬ್ಬಿಣದ ಕೊರತೆಯಿಂದ ಎಲೆ ಹಳದಿಯಾಗುವುದು ಬೇರೆ, ಇದು ಬೇರೆ. ಈ ಸಸಿಗೆ ಪತ್ರಹರಿತ್ತನ್ನು ತಯಾರಿಸುವ ಶಕ್ತಿ ಹುಟ್ಟಿನಿಂದಲೇ ಇಲ್ಲ. ಕಾಳಿನಲ್ಲಿದ್ದ ಆಹಾರ ಮುಗಿದೊಡನೆ ಅದು ಸಾಯುತ್ತದೆ. ಯಾವ ಗೊಬ್ಬರ ಕೊಟ್ಟರೂ ಬದುಕುವುದಿಲ್ಲ.

ಹಾಗಾದರೆ ಈ ದೋಷ ಎಲ್ಲಿಂದ ಬಂತು? ಅದರ ತಾಯಿ ಗಿಡವೂ ತಂದೆ ಗಿಡವೂ ಹಚ್ಚಹಸಿರಾಗಿಯೇ ಇದ್ದವು, ತೆನೆ ಕೊಟ್ಟವು. ಈ ಒಂದು ಪ್ರಶ್ನೆಯನ್ನು ಸರಿಯಾಗಿ ತಿಳಿದುಕೊಂಡರೆ, ಲಿಂಗಸುಗೂರಿನ ಕುರಿ ಹಿಂಡಿನಲ್ಲಿ ದವಡೆ ಗಿಡ್ಡಾದ ಮರಿ ಏಕೆ ಹುಟ್ಟುತ್ತದೆ ಎಂಬುದೂ, ಆರೋಗ್ಯವಂತ ದಂಪತಿಗಳಿಗೆ ವಂಶಪಾರಂಪರ್ಯ ಕಾಯಿಲೆಯ ಮಗು ಏಕೆ ಹುಟ್ಟುತ್ತದೆ ಎಂಬುದೂ ತಿಳಿಯುತ್ತದೆ. ಮೂರಕ್ಕೂ ಲೆಕ್ಕ ಒಂದೇ. ಗುಣಾಕಾರ, ಭಾಗಾಕಾರ ಬಲ್ಲ ರೈತರು ಇದನ್ನು ಸ್ವತಃ ಹಾಕಬಹುದು.

ಬಿಳಿ ಸಸಿಯ ಪಾಠ

ಗಿಡವಾಗಲಿ, ಪ್ರಾಣಿಯಾಗಲಿ, ಮನುಷ್ಯನಾಗಲಿ, ಪ್ರತಿಯೊಂದು ಗುಣಕ್ಕೂ ಸಾಮಾನ್ಯವಾಗಿ ಎರಡು ವಂಶವಾಹಿಗಳನ್ನು ಹೊಂದಿರುತ್ತದೆ. ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ಎರಡರಲ್ಲಿ ಒಂದು ಕೆಟ್ಟಿದ್ದರೂ ಒಳ್ಳೆಯದು ಕೆಲಸ ನಡೆಸಿಕೊಂಡು ಹೋಗುತ್ತದೆ. ಎರಡೆತ್ತಿನ ಬಂಡಿಯಂತಲ್ಲ ಇದು. ಒಂದೇ ಎತ್ತು ಎಳೆದರೂ ಸಾಗುವ ಬಂಡಿ. ಹೀಗೆ ಒಂದು ಕೆಟ್ಟ ವಂಶವಾಹಿಯನ್ನು ಹೊತ್ತೂ ಆರೋಗ್ಯವಾಗಿರುವ ಜೀವಿಯನ್ನು ವಾಹಕ ಎನ್ನುತ್ತೇವೆ. ಎರಡೂ ಕೆಟ್ಟಾಗ ಮಾತ್ರ ರೋಗ ಹೊರಗೆ ಕಾಣುತ್ತದೆ. ಇಂಥ ದೋಷಕ್ಕೆ ಸುಪ್ತ ದೋಷ ಎಂದು ಹೆಸರು.

ವಾಹಕ ಗಂಡು, ವಾಹಕ ಹೆಣ್ಣು ಕೂಡಿದಾಗ ಪ್ರತಿಯೊಂದು ಸಂತಾನಕ್ಕೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ, ನಾಲ್ಕರಲ್ಲಿ ಎರಡು ಪಾಲು ವಾಹಕವಾಗುವ ಸಂಭವ, ಉಳಿದ ಒಂದು ಪಾಲು ದೋಷವೇ ಇಲ್ಲದಿರುವ ಸಂಭವ.

ಸಜ್ಜೆಯ ತೆನೆಯಲ್ಲಿ ಶಲಾಕೆ ಮೊದಲು ಹೊರಬರುತ್ತದೆ, ಪರಾಗ ಆಮೇಲೆ ಉದುರುತ್ತದೆ. ಆದ್ದರಿಂದ ಅದು ಹೆಚ್ಚಾಗಿ ಅಕ್ಕಪಕ್ಕದ ಗಿಡಗಳ ಪರಾಗವನ್ನೇ ಪಡೆಯುತ್ತದೆ, ಕೆಟ್ಟ ವಂಶವಾಹಿಗೆ ಅಂಥದೇ ಜೊತೆ ಸಿಗುವುದು ಅಪರೂಪ. ಆದರೆ ತಳಿ ಅಭಿವೃದ್ಧಿಗಾರರು ಹೂಬಿಡುವ ಮೊದಲೇ ತೆನೆಗೆ ಕಾಗದದ ಚೀಲ ಕಟ್ಟಿ ಸ್ವಕೀಯ ಪರಾಗಸ್ಪರ್ಶ ಮಾಡಿಸಿದರೆ, ವಾಹಕ ಗಿಡದ ಕಾಳಿನಲ್ಲಿ ಕಾಲು ಭಾಗ ಬಿಳಿ ಸಸಿಗಳೇ ಹುಟ್ಟುತ್ತವೆ. ಚೀಲ ಕಟ್ಟಿದ್ದರಿಂದ ಹೊಸ ದೋಷವೇನೂ ಉಂಟಾಗಲಿಲ್ಲ. ಮೊದಲೇ ಇದ್ದದ್ದು ತನ್ನನ್ನು ತಾನೇ ಸಂಧಿಸಿತು, ಅಷ್ಟೆ.

ಕಾಣುವುದು ಒಂದು, ಕಾಣದ್ದು ಹದಿನೆಂಟು

1908ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ ಮತ್ತು ಜರ್ಮನಿಯ ವೈದ್ಯ ವೈನ್‌ಬರ್ಗ್ ಬೇರೆ ಬೇರೆಯಾಗಿ ಒಂದು ಸರಳ ಸೂತ್ರವನ್ನು ಕೊಟ್ಟರು. ಕೂಡಿಕೆ ಯಾವುದೇ ಆಯ್ಕೆಯಿಲ್ಲದೆ ನಡೆಯುವ ದೊಡ್ಡ ಸಮುದಾಯದಲ್ಲಿ, ರೋಗ ಕಂಡವರ ಪ್ರಮಾಣದ ವರ್ಗಮೂಲ ತೆಗೆದರೆ ಕೆಟ್ಟ ವಂಶವಾಹಿಯ ಪ್ರಮಾಣ ಸಿಗುತ್ತದೆ. ಅದರಿಂದ ವಾಹಕರ ಸಂಖ್ಯೆಯನ್ನು ಲೆಕ್ಕ ಹಾಕಬಹುದು.

ನೂರು ಮರಿಗಳಲ್ಲಿ ಒಂದಕ್ಕೆ ದೋಷವಿದೆ ಎನ್ನೋಣ. ನೂರನೇ ಒಂದರ ವರ್ಗಮೂಲ ಹತ್ತನೇ ಒಂದು. ಅಂದರೆ ಹತ್ತು ವಂಶವಾಹಿಗಳಲ್ಲಿ ಒಂದು ಕೆಟ್ಟಿದೆ, ಒಂಬತ್ತು ಒಳ್ಳೆಯವು. ವಾಹಕರ ಪ್ರಮಾಣ 2 × 0.1 × 0.9, ಅಂದರೆ 0.18. ಕಣ್ಣಿಗೆ ಕಂಡದ್ದು ಒಂದು ಮರಿ, ದೋಷವನ್ನು ಒಳಗೆ ಹೊತ್ತು ಚೆನ್ನಾಗಿ ಮೇಯುತ್ತಿರುವುವು ಹದಿನೆಂಟು.

ದೋಷದ ಮರಿಯನ್ನು ಹಿಂಡಿನಿಂದ ತೆಗೆದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ಸಾಲದು. ಇದೇ ಸಮುದಾಯದಲ್ಲಿ ಬರೀ ದೋಷ ಕಂಡ ಮರಿಗಳನ್ನಷ್ಟೇ ತೆಗೆಯುತ್ತ ಹೋದರೆ, ಕೆಟ್ಟ ವಂಶವಾಹಿಯ ಪ್ರಮಾಣ ಅರ್ಧಕ್ಕೆ ಇಳಿಯಲು ಹತ್ತು ಪೀಳಿಗೆಗಳು ಬೇಕು. ಕುರಿಗಳಲ್ಲಿ ಪೀಳಿಗೆಗೆ ಮೂರು ವರ್ಷವೆಂದರೂ ಮೂವತ್ತು ವರ್ಷ! ಕೂಡಿಕೆಯ ಕ್ರಮವನ್ನು ಬದಲಿಸದೆ ಬೇರೆ ದಾರಿಯಿಲ್ಲ.

ಕೆಂಗುರಿ ಹಿಂಡಿನ ಲೆಕ್ಕ

ಲಿಂಗಸುಗೂರು, ಸಿಂಧನೂರು, ಈಗ ಪ್ರತ್ಯೇಕ ತಾಲ್ಲೂಕಾಗಿರುವ ಮಸ್ಕಿ ಹಾಗೂ ನೆರೆಯ ಗಂಗಾವತಿ ಕಡೆಯ ಗುಡ್ಡಗಾಡು ಕೆಂಗುರಿ ತಳಿಯ ತವರು. ಕೆಂಪು-ಕಂದು ಮೈಬಣ್ಣದ, ಮಾಂಸಕ್ಕೆ ಹೆಸರಾದ ಈ ತಳಿಯ ಟಗರಿಗೆ ಕೊಂಬುಂಟು, ಹೆಣ್ಣು ಕುರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಕುರಿಗಾಹಿಗಳು ತಮ್ಮ ಹಿಂಡಿನಲ್ಲೇ ಮೈಕಟ್ಟು ಚೆನ್ನಾಗಿರುವ ಗಂಡು ಮರಿಯೊಂದನ್ನು ಬೀಜಕ್ಕೆ ಬಿಟ್ಟುಕೊಳ್ಳುತ್ತಾರೆ. ಮೈಕಟ್ಟಿನ ದೃಷ್ಟಿಯಿಂದ ಇದು ಒಳ್ಳೆಯ ಆಯ್ಕೆ. ಆದರೆ ಆ ಟಗರು ಕೂಡುವುದು ತನ್ನ ಅಕ್ಕತಂಗಿಯರೊಂದಿಗೆ, ಕೆಲವು ದಿನಗಳಲ್ಲಿ ತನ್ನ ಹೆಣ್ಣುಮರಿಗಳೊಂದಿಗೆ.

ಇದರ ಪರಿಣಾಮವನ್ನು ಅಳೆಯಲು ಒಂದು ಸೂತ್ರವಿದೆ. ಟಗರುಗಳ ಸಂಖ್ಯೆಯನ್ನು ಹೆಣ್ಣು ಕುರಿಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಬೇಕು. ಒಂದು ಟಗರು, 50 ಹೆಣ್ಣು ಕುರಿ ಇದ್ದರೆ 4 × 1 × 50 ÷ 51, ಅಂದರೆ ಸುಮಾರು 3.9. ಎಣಿಸಿದರೆ 51 ತಲೆ. ವಂಶದ ದೃಷ್ಟಿಯಿಂದ ನಾಲ್ಕೇ ಪ್ರಾಣಿಗಳ ಹಿಂಡು! ಹೊರಗಿನ ರಕ್ತ ಬಾರದಿದ್ದರೆ ಪ್ರತಿ ಪೀಳಿಗೆಗೆ ಒಳಸಂಕರಣ ನೂರಕ್ಕೆ ಸುಮಾರು 13ರಂತೆ ಏರುತ್ತದೆ. ಹೆಣ್ಣು ಕುರಿಗಳನ್ನು ನೂರಕ್ಕೆ ಏರಿಸಿದರೂ ಈ ಸಂಖ್ಯೆ 3.9ರಿಂದ ಬರೀ 4ರ ಹತ್ತಿರ ಬರುತ್ತದೆ. ಅದೇ 50 ಕುರಿಗಳಿಗೆ ಇನ್ನೊಂದು ಟಗರನ್ನು ಸೇರಿಸಿದರೆ 7.7 ಆಗುತ್ತದೆ, ಒಳಸಂಕರಣದ ವೇಗ ಅರ್ಧಕ್ಕೆ ಇಳಿಯುತ್ತದೆ. ಹೆಣ್ಣಿನ ಸಂಖ್ಯೆಗಿಂತ ಟಗರಿನ ಸಂಖ್ಯೆ ಮುಖ್ಯವೆಂಬುದನ್ನು ಇಲ್ಲಿ ಗಮನಿಸಬೇಕು.

ಆದ್ದರಿಂದ ಟಗರಿನ ಹೆಣ್ಣುಮರಿಗಳು ಕೂಡಿಕೆಗೆ ಬರುವ ಮೊದಲೇ, ಅಂದರೆ ಒಂದೂವರೆ-ಎರಡು ವರ್ಷಕ್ಕೊಮ್ಮೆ, ಟಗರನ್ನು ಬದಲಿಸುವುದು ಒಳ್ಳೆಯದು. ಬೇರೆ ತಳಿಯನ್ನು ತಂದು ಕೆಂಗುರಿಯನ್ನು ಕೆಡಿಸುವ ಅಗತ್ಯವಿಲ್ಲ. ಲಿಂಗಸುಗೂರು ಕಡೆಯವರು ಸಿಂಧನೂರು ಕಡೆಯ ಕೆಂಗುರಿ ಹಿಂಡಿನಿಂದ ಟಗರನ್ನು ಅದಲು-ಬದಲು ಮಾಡಿಕೊಂಡರೆ ಸಾಕು. ಅದು ಯಾವ ಟಗರಿಗೆ ಹುಟ್ಟಿದ್ದು ಎಂದು ಕೇಳಿ ತಿಳಿಯಬೇಕು. ಸಂತೆಯಲ್ಲಿ ಕೊಂಡ ಟಗರಿನ ವಂಶ ಯಾರಿಗೂ ತಿಳಿಯದು, ನೀವು ಎರಡು ವರ್ಷದ ಹಿಂದೆ ಮಾರಿದ ಟಗರಿನ ಮಗನೇ ಅದಾಗಿರಬಹುದು. ಹೊಸ ಟಗರನ್ನು ಮೂರು ವಾರ ಬೇರೆ ಕಟ್ಟಿ, ಪಶುವೈದ್ಯರಿಗೆ ತೋರಿಸಿದ ಮೇಲೆ ಹಿಂಡಿಗೆ ಬಿಡಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಊನವಾಗಿ ಹುಟ್ಟಿದ ಮರಿಯೆಲ್ಲ ವಂಶದೋಷದ ಮರಿಯಲ್ಲ. ಗಬ್ಬದ ಕುರಿಗೆ ತಾಮ್ರದ ಅಂಶ ಕಡಿಮೆಯಾದರೆ ಹಿಂಗಾಲು ಎಳೆಯುತ್ತ ತೂರಾಡುವ ಮರಿಗಳು ಹುಟ್ಟುತ್ತವೆ. ಇದು ಮೇವಿನ ದೋಷ, ಟಗರಿನ ದೋಷವಲ್ಲ. ಆದರೆ ತಾಮ್ರ ಹೆಚ್ಚಾದರೆ ಕುರಿಗೆ ವಿಷ, ಆದ್ದರಿಂದ ಪಶುವೈದ್ಯರನ್ನು ಕೇಳದೆ ಕೊಡಬಾರದು. ಹಲವು ತಂದೆಗಳ ಮರಿಗಳಲ್ಲಿ ಒಂದೇ ಹಂಗಾಮಿನಲ್ಲಿ ಊನ ಕಂಡರೆ ಮೇವು, ರೋಗಗಳನ್ನು ಮೊದಲು ಶಂಕಿಸಬೇಕು. ಒಂದೇ ಟಗರಿನ ಮರಿಗಳಲ್ಲಿ, ಅದೂ ಅದರ ಹೆಣ್ಣುಮರಿಗಳಿಗೆ ಹುಟ್ಟಿದವುಗಳಲ್ಲಿ, ವರ್ಷ ವರ್ಷವೂ ಅದೇ ಊನ ಕಂಡರೆ ವಂಶದೋಷವನ್ನು ಶಂಕಿಸಬೇಕು. ಯಾವ ಕುರಿ, ಯಾವ ಟಗರು, ಯಾವ ದಿನ ಎಂದು ಬರೆದಿಡುವ ಒಂದು ನೋಟ್‌ಬುಕ್ ಇಲ್ಲದೆ ಇದನ್ನು ಹೇಳಲು ಯಾವ ವಿಜ್ಞಾನಿಗೂ ಆಗದು.

ಬೆಲೆಬಾಳುವ ಟಗರು ವಾಹಕವೇ ಎಂದು ತಿಳಿಯಲು ಹಳೆಯ ಪದ್ಧತಿಯೊಂದಿದೆ. ಅದನ್ನು ಅದರದೇ ಹೆಣ್ಣುಮರಿಗಳೊಂದಿಗೆ ಪರೀಕ್ಷೆಗಾಗಿ ಕೂಡಿಸುವುದು. ಟಗರು ವಾಹಕವಾಗಿದ್ದರೆ ಹೀಗೆ ಹುಟ್ಟುವ ಪ್ರತಿ ಮರಿಗೂ ಎಂಟರಲ್ಲೊಂದು ಪಾಲು ದೋಷದ ಸಂಭವ. ಬೇರೆ ಬೇರೆ ಹೆಣ್ಣುಮರಿಗಳಿಗೆ ಹುಟ್ಟಿದ 23 ಮರಿಗಳೂ ಸರಿಯಾಗಿದ್ದರೆ ನೂರಕ್ಕೆ 95 ಪಾಲು ಧೈರ್ಯದಿಂದ ಟಗರು ಶುದ್ಧವೆನ್ನಬಹುದು. 99 ಪಾಲು ಧೈರ್ಯ ಬೇಕಾದರೆ 35 ಮರಿಗಳು ಬೇಕು. ಸಣ್ಣ ಹಿಂಡಿನವರಿಗೆ ಇದು ದುಬಾರಿಯ ಕೆಲಸ. ಅವರು ಸುಮ್ಮನೆ ಟಗರನ್ನು ಬದಲಿಸುವುದೇ ಲೇಸೆಂದು ನನ್ನ ಅಭಿಪ್ರಾಯ.

ಹೈನುರಾಸುಗಳಲ್ಲಿ ಈ ಪಾಠವನ್ನು ಜಗತ್ತು ದುಬಾರಿ ಬೆಲೆ ತೆತ್ತು ಕಲಿಯಿತು. 1952ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಓಸ್ಬಾರ್ನ್‌ಡೇಲ್ ಐವನ್‌ಹೋ ಎಂಬ ಹೋಲ್‌ಸ್ಟೀನ್ ಹೋರಿ ಒಂದು ಸುಪ್ತ ದೋಷದ ವಾಹಕವಾಗಿತ್ತು. ಎರಡು ಕಡೆಯಿಂದಲೂ ಅದನ್ನು ಪಡೆದ ಕರು ರೋಗನಿರೋಧಕ ಶಕ್ತಿಯಿಲ್ಲದೆ ಎಳೆಯದರಲ್ಲೇ ಸಾಯುತ್ತದೆ. ಕೃತಕ ಗರ್ಭಧಾರಣೆಯ ಮೂಲಕ ಅದರ, ಅದರ ಮೊಮ್ಮಗನ ಸಂತತಿ ದೇಶದೇಶಗಳಿಗೆ ಹರಡಿತು. ಕಾರಣವಾದ ವಂಶವಾಹಿ ಪತ್ತೆಯಾದದ್ದು 1992ರಲ್ಲಿ. ಈಗ ನಮ್ಮ ದೇಶದ ವೀರ್ಯ ಸಂಗ್ರಹಣಾ ಕೇಂದ್ರಗಳಿಗೆ ಬರುವ ಹೋಲ್‌ಸ್ಟೀನ್ ಹೋರಿಗಳನ್ನು ಈ ದೋಷಕ್ಕಾಗಿ ಪರೀಕ್ಷಿಸಬೇಕೆಂಬ ನಿಯಮವಿದೆ.

ಮನೆಯ ಲೆಕ್ಕ

ನಾನು ಬೆಳೆ ವಿಜ್ಞಾನಿ, ವೈದ್ಯನಲ್ಲ. ಆದರೆ ಹೊಲದ, ಹಿಂಡಿನ ಈ ಲೆಕ್ಕವನ್ನು ಹೇಳಿ ಮನೆಯ ಬಾಗಿಲಲ್ಲಿ ಬಾಯಿ ಮುಚ್ಚಿಕೊಳ್ಳುವುದು ಸರಿಯಲ್ಲ. ಅಕ್ಕನ ಮಗಳನ್ನು, ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನು ತಂದುಕೊಳ್ಳುವ ರೂಢಿ ನಮ್ಮ ಭಾಗದಲ್ಲಿ ಹಳೆಯದು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಬ್ರಿಟನ್ನಿನ ಎ. ಎಚ್. ಬಿಟಲ್ಸ್ ಮತ್ತು ಸಂಗಡಿಗರು ರಾಜ್ಯದ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ಸುಮಾರು ಮೂರರಲ್ಲೊಂದು ಮಗುವಿನ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಈ ಪ್ರಮಾಣ ನೂರಕ್ಕೆ ಸುಮಾರು 27.

ಒಬ್ಬ ಪೂರ್ವಜನ ಒಂದೇ ವಂಶವಾಹಿ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಬಂದು ಮಗುವಿನಲ್ಲಿ ಸೇರುವ ಸಂಭವವನ್ನು ಒಳಸಂಕರಣ ಗುಣಾಂಕ ಎನ್ನುತ್ತಾರೆ. ಸೋದರಮಾವ ಅಕ್ಕನ ಮಗಳನ್ನು ಮದುವೆಯಾದಾಗ ಮಗುವಿಗೆ ಇದು ಎಂಟರಲ್ಲೊಂದು. ಸೋದರಮಾವನ ಅಥವಾ ಸೋದರತ್ತೆಯ ಮಗಳಾದರೆ ಹದಿನಾರರಲ್ಲೊಂದು.

ಐವತ್ತು ಜನರಲ್ಲಿ ಒಬ್ಬರು ವಾಹಕರಾಗಿರುವ ಒಂದು ಕಾಯಿಲೆಯನ್ನು ತೆಗೆದುಕೊಳ್ಳೋಣ. ಸಂಬಂಧವಿಲ್ಲದವರ ಮದುವೆಯಲ್ಲಿ ಇಬ್ಬರೂ ವಾಹಕರಾಗಿ ಮಗುವಿಗೆ ರೋಗ ಬರುವ ಸಂಭವ 1/50 × 1/50 × 1/4, ಅಂದರೆ ಹತ್ತು ಸಾವಿರಕ್ಕೆ ಒಂದು. ಸೋದರಮಾವನ ಮಗಳಾದರೆ ಹತ್ತು ಸಾವಿರಕ್ಕೆ ಏಳು. ಅಕ್ಕನ ಮಗಳಾದರೆ ಹದಿಮೂರು. ಕಾಯಿಲೆ ಅಪರೂಪವಾದಷ್ಟೂ ಈ ಅಂತರ ಹೆಚ್ಚುತ್ತದೆ.

ಇದನ್ನು ಓದಿ ಗಾಬರಿಯಾಗಬೇಕಿಲ್ಲ. ಹಲವು ಕಾಯಿಲೆಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗ, ಬಿಟಲ್ಸ್ ಮತ್ತು ನೀಲ್ 1994ರಲ್ಲಿ 38 ಸಮುದಾಯಗಳ ಅಂಕಿಅಂಶಗಳಿಂದ ಕಂಡುಕೊಂಡಂತೆ, ಸೋದರ ಸಂಬಂಧದ ಮದುವೆಯ ಮಕ್ಕಳಲ್ಲಿ ಸಾವಿನ ಪ್ರಮಾಣ ಇತರರಿಗಿಂತ ನೂರಕ್ಕೆ 4.4ರಷ್ಟು ಹೆಚ್ಚು. 2010ರಲ್ಲಿ ಈ ಅಂದಾಜನ್ನು 3.5ಕ್ಕೆ ಇಳಿಸಲಾಯಿತು. ಅಂದರೆ ಇಂಥ ಮದುವೆಗಳಲ್ಲಿ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆಗಿಹೋದ ಮದುವೆಯ ಬಗ್ಗೆ ಕೊರಗಲು ಇದರಲ್ಲಿ ಕಾರಣವಿಲ್ಲ.

ಆದರೆ ಮನೆಯಲ್ಲಿ ಈಗಾಗಲೇ ಒಂದು ಮಗು ಸುಪ್ತ ದೋಷದ ಕಾಯಿಲೆಯಿಂದ ತೀರಿಕೊಂಡಿದ್ದರೆ ಲೆಕ್ಕ ಬೇರೆಯೇ ಆಗುತ್ತದೆ. ಇದನ್ನು ನಿಧಾನವಾಗಿ ನೋಡಬೇಕು. ತೀರಿಕೊಂಡ ಮಗುವಿನ ತಮ್ಮ ಈಗ ಮದುವೆಯ ವಯಸ್ಸಿನವನು, ಆರೋಗ್ಯವಂತ. ಅವನ ತಂದೆತಾಯಿ ಇಬ್ಬರೂ ವಾಹಕರೆಂಬುದು ಖಚಿತ. ರೋಗದ ಪಾಲು ಅವನಿಗೆ ಬಂದಿಲ್ಲವಾದ್ದರಿಂದ ಉಳಿದ ಮೂರು ಪಾಲುಗಳಲ್ಲಿ ಎರಡು ವಾಹಕದವು; ಅವನು ವಾಹಕನಾಗಿರುವ ಸಂಭವ 2/3. ಆರೋಗ್ಯವಾಗಿರುವ ಅವನ ಅಕ್ಕನಿಗೂ 2/3. ಅಕ್ಕನ ಮಗಳಿಗೆ ಅದರ ಅರ್ಧ, 1/3. ಇವರಿಬ್ಬರಿಗೆ ಮದುವೆಯಾದರೆ ಪ್ರತಿ ಮಗುವಿಗೂ ರೋಗದ ಸಂಭವ 2/3 × 1/3 × 1/4, ಅಂದರೆ ಹದಿನೆಂಟರಲ್ಲೊಂದು. ಅಕ್ಕನ ಮಗಳ ಬದಲು ಸೋದರಮಾವನ ಮಗಳಾದರೆ? ತಾಯಿ ವಾಹಕಿ, ಸೋದರಮಾವನಿಗೆ 1/2, ಅವನ ಮಗಳಿಗೆ 1/4. ಆಗ 2/3 × 1/4 × 1/4, ಇಪ್ಪತ್ನಾಲ್ಕರಲ್ಲೊಂದು. ಸಂಬಂಧವಿಲ್ಲದ ಮನೆತನದ ಹುಡುಗಿಯಾದರೆ 2/3 × 1/50 × 1/4, ಮುನ್ನೂರರಲ್ಲೊಂದು. ಹುಡುಗ ಅವನೇ, ವಂಶವೂ ಅದೇ. ಹದಿನೆಂಟಕ್ಕೂ ಮುನ್ನೂರಕ್ಕೂ ಇರುವ ವ್ಯತ್ಯಾಸ ಹೆಣ್ಣು ಎಲ್ಲಿಂದ ಬಂದಳೆಂಬುದರಲ್ಲಿದೆ.

ಸಂಬಂಧವಿಲ್ಲ ಎಂಬ ಮಾತನ್ನೂ ಸ್ವಲ್ಪ ವಿಚಾರಿಸಿ ಆಡಬೇಕು. ನಾಲ್ಕಾರು ಹಳ್ಳಿಗಳ ಒಂದೇ ಸಣ್ಣ ಪಂಗಡದೊಳಗೆ ತಲೆಮಾರುಗಳಿಂದ ಕೊಟ್ಟು ತಂದು ಮಾಡಿದ್ದರೆ, ನೆಂಟಸ್ತಿಕೆ ನೆನಪಿನಲ್ಲಿ ಇರದಿದ್ದರೂ ಪೂರ್ವಜರು ಒಬ್ಬರೇ ಆಗಿರಬಹುದು. ಹೊರಗಿನ ಟಗರು ಬಾರದ ಹಿಂಡಿನ ಲೆಕ್ಕ ಇಲ್ಲಿಯೂ ಅನ್ವಯಿಸುತ್ತದೆ.

“ನಮ್ಮ ಹಿರಿಯರಿಗೆ ಏನೂ ಆಗಲಿಲ್ಲವಲ್ಲ?”

ಈ ಪ್ರಶ್ನೆ ಸಹಜವಾದದ್ದು. ಅದಕ್ಕೆ ಎರಡು ಉತ್ತರಗಳಿವೆ. ಗಂಡಹೆಂಡತಿ ಇಬ್ಬರೂ ವಾಹಕರಾಗಿದ್ದು ಎರಡು ಮಕ್ಕಳಾದರೆ, ಎರಡೂ ಆರೋಗ್ಯವಾಗಿರುವ ಸಂಭವ ಹದಿನಾರರಲ್ಲಿ ಒಂಬತ್ತು. ನಾಲ್ಕು ಮಕ್ಕಳಾದರೂ ಮೂರು ಮನೆಗಳಲ್ಲಿ ಸುಮಾರು ಒಂದು ಮನೆ ರೋಗವನ್ನೇ ಕಾಣದೆ ಪಾರಾಗುತ್ತದೆ. ದೋಷ ಇಲ್ಲವೆಂದಲ್ಲ, ಹೊರಬಿದ್ದಿಲ್ಲ ಅಷ್ಟೆ. ಎರಡನೆಯದಾಗಿ, ಹಿಂದೆ ವಾಂತಿಭೇದಿ, ಜ್ವರ, ದಡಾರಗಳಿಗೆ ಮಕ್ಕಳು ಸಾಯುತ್ತಿದ್ದ ಕಾಲದಲ್ಲಿ ವಂಶದೋಷದಿಂದ ಸತ್ತ ಮಗು ಪ್ರತ್ಯೇಕವಾಗಿ ಕಾಣುತ್ತಿರಲಿಲ್ಲ. ಈಗ ಆ ಸಾವುಗಳು ಕಡಿಮೆಯಾಗಿರುವುದರಿಂದ ಇದು ಎದ್ದು ಕಾಣುತ್ತಿದೆ.

ಇನ್ನೊಂದು ತಪ್ಪು ತಿಳಿವಳಿಕೆ: ಒಂದು ಮಗುವಿಗೆ ರೋಗ ಬಂದಾಯಿತು, ಇನ್ನು ಮೂರು ಮಕ್ಕಳು ಸುರಕ್ಷಿತ ಎಂಬುದು. ಹಾಗಲ್ಲ. ಪ್ರತಿ ಬಸಿರಿನಲ್ಲೂ ಲೆಕ್ಕ ಹೊಸದಾಗಿಯೇ ಶುರುವಾಗುತ್ತದೆ, ಪ್ರತಿ ಸಲವೂ ಕಾಲು ಪಾಲು. ರೋಗದ ಮಗು ಹುಟ್ಟಿದಾಗ ಸೊಸೆಯ ಮೇಲೆ ತಪ್ಪು ಹೊರಿಸುವ ಮನೆಗಳೂ ಇವೆ. ಸುಪ್ತ ದೋಷದಲ್ಲಿ ಒಂದು ವಂಶವಾಹಿ ತಂದೆಯದೇ ಆಗಿರುತ್ತದೆ. ಅದಿಲ್ಲದೆ ರೋಗವೇ ಬರುವುದಿಲ್ಲ.

ಎಲ್ಲ ಕಾಯಿಲೆಗಳೂ ಹೀಗೆ ಅಡಗಿ ಬರುವುದಿಲ್ಲ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1974-75ರ ಸುಮಾರಿಗೆ ಬಡ ಕೂಲಿಕಾರರ ಕುಟುಂಬಗಳಲ್ಲಿ ಸೊಂಟ, ಮಂಡಿಗಳ ಕೀಲು ಸವೆದು ನಡೆಯಲಾಗದಂತೆ ಮಾಡುವ ಕಾಯಿಲೆ ಬೆಳಕಿಗೆ ಬಂತು. ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಶಂಕೆ ಆಗ ಇತ್ತು. ಮುಂದಿನ ಅಧ್ಯಯನಗಳಲ್ಲಿ ಅದು ಪ್ರಬಲ ರೀತಿಯ ವಂಶದೋಷವೆಂದು ಕಂಡುಬಂತು. ಇಲ್ಲಿ ಒಂದೇ ಕೆಟ್ಟ ವಂಶವಾಹಿ ಸಾಕು. ರೋಗವಿರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅರ್ಧ ಪಾಲು ಸಂಭವ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾದಂತಹ ಕೆಲವು ರೋಗಗಳು ತಾಯಿಯ ಮೂಲಕ ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತವೆ. ಇವುಗಳಿಗೆ ಮೇಲಿನ ಲೆಕ್ಕ ಹೊಂದುವುದಿಲ್ಲ.

ಪರೀಕ್ಷೆಯ ವಿಷಯ

ಕೆಲವು ಕಾಯಿಲೆಗಳಿಗೆ ವಾಹಕರನ್ನು ಮದುವೆಗೆ ಮೊದಲೇ ಸುಲಭವಾಗಿ ಗುರುತಿಸಬಹುದು. ಥಲಸ್ಸೀಮಿಯ ಎಂಬ ರಕ್ತದ ಕಾಯಿಲೆಗೆ ನಮ್ಮ ದೇಶದಲ್ಲಿ ನೂರಕ್ಕೆ ಮೂರು-ನಾಲ್ಕು ಜನ ವಾಹಕರು. ಎಚ್.ಪಿ.ಎಲ್.ಸಿ. ಎಂಬ ಒಂದು ರಕ್ತಪರೀಕ್ಷೆಯಿಂದ ಇದು ಗೊತ್ತಾಗುತ್ತದೆ. ಕುಡಗೋಲು ಕಣ ರಕ್ತಹೀನತೆಯೂ ಅದರಲ್ಲೇ ತಿಳಿಯುತ್ತದೆ. ಇಬ್ಬರಲ್ಲಿ ಒಬ್ಬರು ವಾಹಕರಲ್ಲವೆಂದು ಖಚಿತವಾದರೆ ಆ ಕಾಯಿಲೆಯ ಭಯವಿಲ್ಲ. ಜಾತಕ ನೋಡುವ ದಿನವೇ ಈ ಚೀಟಿಯನ್ನೂ ನೋಡಿದರೆ ಯಾರ ಮರ್ಯಾದೆಗೂ ಕುಂದಿಲ್ಲ.

ಅಪರೂಪದ ಕಾಯಿಲೆಗಳಲ್ಲಿ ಮಾತ್ರ ಕ್ರಮ ಉಲ್ಟಾ. ಸಾವಿರಾರು ವಂಶವಾಹಿಗಳಲ್ಲಿ ಯಾವುದು ಕೆಟ್ಟಿದೆ ಎಂದು ಮೊದಲು ರೋಗದ ಮಗುವಿನಲ್ಲೇ ಪತ್ತೆ ಮಾಡಬೇಕು. ಅದು ತಿಳಿದ ಮೇಲೆ ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಹುಡುಕುವುದು ಸುಲಭ. ಮುಂದಿನ ಬಸಿರಿನಲ್ಲಿ 11-13ನೇ ವಾರದಲ್ಲಿ ಅಥವಾ 16ನೇ ವಾರದ ಹೊತ್ತಿಗೆ ಭ್ರೂಣವನ್ನು ಆ ಒಂದು ದೋಷಕ್ಕಾಗಿ ಪರೀಕ್ಷಿಸಬಹುದು. (ಗಂಡೋ ಹೆಣ್ಣೋ ಎಂದು ತಿಳಿಸುವುದು 1994ರ ಕಾಯಿದೆಯಂತೆ ಅಪರಾಧ, ಈ ಪರೀಕ್ಷೆಗೂ ಅದಕ್ಕೂ ಸಂಬಂಧವಿಲ್ಲ.) ಹಳ್ಳಿಗಳಲ್ಲಿ ಆಗುತ್ತಿರುವುದೇನೆಂದರೆ, ಮಗು ತೀರಿಕೊಂಡ ಮೇಲೆ ಮನೆಯವರು ಆಸ್ಪತ್ರೆಯ ಕಾಗದಗಳನ್ನೂ ಉಳಿಸಿಕೊಳ್ಳುವುದಿಲ್ಲ. ಎರಡು ವರ್ಷದ ನಂತರ ಮುಂದಿನ ಬಸಿರಿಗೆ ಸಲಹೆ ಕೇಳಲು ಹೋದಾಗ, ಯಾವ ದೋಷವನ್ನು ಹುಡುಕಬೇಕೆಂದೇ ವೈದ್ಯರಿಗೆ ತಿಳಿಯದಂತಾಗುತ್ತದೆ.

ಆದ್ದರಿಂದ ಇಂಥ ಮಗು ಮನೆಯಲ್ಲಿದ್ದರೆ, ಮಗು ಬದುಕಿರುವಾಗಲೇ ಅದರ ರಕ್ತದಿಂದ ಡಿ.ಎನ್.ಎ. ತೆಗೆದು ಕಾದಿರಿಸುವಂತೆ ವೈದ್ಯರನ್ನು ಕೇಳಬೇಕು. ಜಿಲ್ಲಾ ಆಸ್ಪತ್ರೆಯ ಮಕ್ಕಳ ತಜ್ಞರಿಂದ ಪತ್ರ ಪಡೆದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ಗೆ, ನರ-ಸ್ನಾಯುಗಳ ಕಾಯಿಲೆಯಾದರೆ ನಿಮ್ಹಾನ್ಸ್‌ಗೆ ಹೋಗಬಹುದು. ಹೋಗುವಾಗ ಒಂದು ಹಾಳೆಯಲ್ಲಿ ಎರಡೂ ಕಡೆಯ ಅಜ್ಜ-ಅಜ್ಜಿಯರಿಂದ ಹಿಡಿದು ಮೂರು ತಲೆಮಾರಿನ ಹೆಸರುಗಳು, ಯಾರು ಯಾರ ಮಗಳನ್ನು ತಂದರು, ಎಳೆಯದರಲ್ಲೇ ತೀರಿಕೊಂಡ ಮಕ್ಕಳು ಯಾರು, ಎಷ್ಟು ವಯಸ್ಸಿಗೆ, ಯಾವ ತೊಂದರೆಯಿಂದ ಎಂಬುದನ್ನು ಬರೆದುಕೊಂಡು ಹೋಗಿ. ಗರ್ಭಪಾತಗಳನ್ನೂ ಬಿಡದೆ ಬರೆಯಿರಿ. ಹೆಣ್ಣುಮಕ್ಕಳನ್ನೂ, ಮದುವೆಯಾಗಿ ಬೇರೆ ಊರಿಗೆ ಹೋದವರನ್ನೂ ಸೇರಿಸಿ. ಇವೆಲ್ಲ ಸಾಮಾನ್ಯವಾಗಿ ಮನೆಯ ಹಿರಿಯ ಅಜ್ಜಿಗೆ ಗೊತ್ತಿರುತ್ತವೆ. ಪೆನ್ನು ಹಿಡಿದು ಮೊದಲು ಅವರ ಬಳಿ ಕುಳಿತುಕೊಳ್ಳಿ.